ಟ್ವೆಂಟಿ ಥರ್ಟಿ ಸೈಟು: ಚಿತ್ರ ಬಿಡಿ, ಟೇಪು ಹಿಡಿಯಿರಿ

ಶಿಡ್ಲಘಟ್ಟದಲ್ಲಿ ನಮ್ಮದೊಂದು 20x30 ಸೈಟು. ಆರು ಚದರ. ಮನೆ ಕಟ್ಟುವುದೆಂದು ತೀರ್ಮಾನವಾದ ದಿನದಿಂದ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ: ಗೋಡೆಯೊಳಗೆ ಮಡಚಿ ಹೋಗುವ ಮಂಚ, ಮೆಟ್ಟಿಲೇ ಡ್ರಾಯರ್ ಆಗುವ ಮರಗೆಲಸ, ಹಡಗಿನಂಥ ಅಡುಗೆಮನೆ. ತಂಗಿ ಕಳಿಸಿದ್ದು, ಭಾವ ಕಳಿಸಿದ್ದು ಸೇರಿ ನೂರರ ಮೇಲೆ ಚಿತ್ರಗಳು. ಅಷ್ಟೂ ನೋಡಿ ಮುಗಿಸಿದ ಮೇಲೆ ಹೊಳೆಯಿತು, ಒಂದರ ಅಳತೆಯೂ ನಮಗೆ ಗೊತ್ತಿಲ್ಲ. ವೈಡ್ ಲೆನ್ಸ್ ಹಾಕಿಕೊಂಡು ಮೂಲೆಗೆ ಒರಗಿ ನಿಂತು ತೆಗೆದರೆ ಕೋಳಿಗೂಡೂ ಹಾಲ್‌ನಂತೆ ಕಾಣುತ್ತದೆ.

ಈಗ ಮನೆ ಕಟ್ಟಿ ಆಗಿದೆ, ಒಂದೆರಡು ಎಡವಟ್ಟಿನ ಸಮೇತ. ಚಿಕ್ಕ ಜಾಗಕ್ಕೆ ಐಡಿಯಾ ಹುಡುಕುವವರಿಗೆ ನಾನು ಹೇಳುವ ಕ್ರಮ ಹೀಗೆ.

ಮೊದಲು, ಈಗಿರುವ ಮನೆಯನ್ನೇ ಅಳೆಯಿರಿ

ಅಳೆಯಬೇಕಾದದ್ದು ಕೋಣೆಯನ್ನಲ್ಲ, ಸಾಮಾನನ್ನು, ಅದಕ್ಕಿಂತ ಹೆಚ್ಚಾಗಿ ಮನುಷ್ಯರನ್ನು. ಬೀರುವಿನ ಬಾಗಿಲು ಪೂರ್ತಿ ತೆರೆದಾಗ ಎಷ್ಟು ಜಾಗ ತಿನ್ನುತ್ತದೆ? ರಾಗಿ ಡ್ರಮ್ಮಿನ ಸುತ್ತಳತೆ ಎಷ್ಟು? ನಮ್ಮಮ್ಮ ಈಳಿಗೆಮಣೆ ಹಾಕಿಕೊಂಡು, ಒಂದು ಕಡೆ ಸೊಪ್ಪು, ಇನ್ನೊಂದು ಕಡೆ ಪಾತ್ರೆ ಇಟ್ಟುಕೊಂಡು ಕೂತರೆ ನಾಲ್ಕಡಿಗೆ ನಾಲ್ಕಡಿ ಬೇಕು. ಮೊಬೈಲಿನ ನೂರು ಚಿತ್ರದಲ್ಲಿ ಒಬ್ಬರೂ ನೆಲದ ಮೇಲೆ ಕೂತಿರಲಿಲ್ಲ. ಈ ಪಟ್ಟಿ ಒಂದು ಪುಟದಲ್ಲಿದ್ದರೆ ಅರ್ಧಕ್ಕರ್ಧ ಚಿತ್ರಗಳು ತಾವೇ ಉದುರಿಹೋಗುತ್ತವೆ.

ಆಮೇಲೆ, ಹಳೇ ಮನೆಗೆ ಹೋಗಿ

ಟೇಪು, ಪೆನ್ನು, ಪುಸ್ತಕ ಹಿಡಿದುಕೊಂಡೇ ಹೋಗಿ. ಅಜ್ಜಿ ಮನೆ ಇಲ್ಲದಿದ್ದರೆ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಇದೆ, ಈಗ ವಸ್ತುಸಂಗ್ರಹಾಲಯ. ನಾನು ಹೋದದ್ದು ನಮ್ಮಜ್ಜಿಯ ಮನೆಗೆ.

ಅಲ್ಲಿ ಹಿಂದೆ ರೇಷ್ಮೆ ಬೆಳೆ. ನಡುಮನೆಯೇ ಹುಳುಮನೆ. ಬಿದಿರಿನ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಹತ್ತು ತಟ್ಟೆ. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲೊಳಗೆ. ಚಾಕಿ ಹುಳು, ಅಂದರೆ ಎಳೇ ಹುಳು, ಇರುವಾಗ ಒಂದೆರಡು ತಟ್ಟೆ ಸಾಕು, ಮಿಕ್ಕ ಜಾಗ ನಮ್ಮದು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ನಿದ್ದೆ) ಕಳೆದು ಹುಳು ಎದ್ದಿತೆಂದರೆ ಮನೆ ಪೂರ್ತಿ ಅದರದ್ದೇ, ನಮ್ಮ ಹಾಸಿಗೆ ಜಗಲಿಗೆ. ಮಲಗಿದರೆ ಒಳಗಿನಿಂದ ಸೊಪ್ಪು ತಿನ್ನುವ ಸದ್ದು ಮಳೆ ಹನಿದಂತೆ ಕೇಳುತ್ತಿತ್ತು. ಹುಳು ಹಣ್ಣಾದ ಮೇಲೆ ಅದು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಹೊರಗೆ ಗೋಡೆಗೆ ಒರಗಿಸುವುದು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಸ್ಟ್ಯಾಂಡು ಬಿಚ್ಚಿ ಅಟ್ಟಕ್ಕೆ. ತಿಂಗಳೊಪ್ಪತ್ತಿನ ಒಂದು ಬೆಳೆಯಲ್ಲಿ ಒಂದೇ ಕೋಣೆ ಅದೆಷ್ಟು ವೇಷ ಹಾಕುತ್ತಿತ್ತು!

ಇದನ್ನು ಪುಸ್ತಕದಲ್ಲಿ ‘ಬಿದಿರಿನ ಸ್ಟ್ಯಾಂಡು’ ಅಂತ ಬರೆದುಕೊಂಡರೆ ಉಪಯೋಗವಿಲ್ಲ. ಅದು ಮಾಡುವ ಕೆಲಸವನ್ನು ಬರೆಯಬೇಕು: ಮೇಲಕ್ಕೆ ಬೆಳೆಯುತ್ತದೆ, ಬಿಚ್ಚಬಹುದು. ಜಗಲಿ: ಬಂದವರನ್ನು ಒಳಗೆ ಕರೆಯದೆಯೇ ಕೂರಿಸುತ್ತದೆ. ಮನೆ ನಡುವಿನ ತೆರೆದ ತೊಟ್ಟಿ: ಬೆಳಕನ್ನು ಇಳಿಸುತ್ತದೆ, ಬಿಸಿಗಾಳಿಯನ್ನು ಹತ್ತಿಸುತ್ತದೆ. ಗೋಡೆಯ ಗೂಡು: ದೀಪಕ್ಕೆ ಜಾಗ ಕೊಟ್ಟು ನೆಲ ಕೇಳುವುದಿಲ್ಲ. ನಮ್ಮ ಕಡೆಯ ಕಲ್ಲುಚಪ್ಪಡಿ ಮನೆಗಳಲ್ಲಿ ಇನ್ನೊಂದನ್ನು ಗಮನಿಸಿ. ಚಪ್ಪಡಿ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಅಷ್ಟರಲ್ಲೇ ಮದುವೆ, ಬಾಣಂತನ, ಎಲ್ಲ ನಡೆದಿವೆ.

ಮೂರನೆಯದು, ದೊಡ್ಡವರ ಸಣ್ಣ ಮನೆಗಳು

ಹೆಸರಾಂತ ವಾಸ್ತುಶಿಲ್ಪಿಗಳ ದೊಡ್ಡ ಕಟ್ಟಡ ನಮಗೇಕೆ? ಅವರು ಕಟ್ಟಿದ ಚಿಕ್ಕದನ್ನು ಹುಡುಕಿ, ಮೀಟರನ್ನು ಅಡಿಗೆ ತಿರುಗಿಸಿ ನೋಡಿ. ಮಜಾ ಅಲ್ಲಿದೆ.

ಚಂಡೀಗಢವನ್ನು ರೂಪಿಸಿದ ಲ ಕಾರ್ಬುಸಿಯೇ 1952ರಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ತನಗಾಗಿ ಒಂದು ಮರದ ಕೋಣೆ ಕಟ್ಟಿಕೊಂಡ. ಉದ್ದ 3.66 ಮೀಟರ್, ಅಗಲವೂ 3.66. ಅಂದರೆ ಸರಿಯಾಗಿ 12x12 ಅಡಿ, ನಮ್ಮಲ್ಲಿ ಬಾಡಿಗೆಗೆ ಕೊಡುವ ಸಿಂಗಲ್ ರೂಮು! ಅದರಲ್ಲೇ ಮಂಚ, ಮೇಜು, ಕಪಾಟು, ಶೌಚ. ಅಡುಗೆಮನೆ ಮಾತ್ರ ಇಲ್ಲ, ಪಕ್ಕದಲ್ಲೇ ಹೋಟೆಲಿತ್ತು. ಹೀಗೆ ಊಟದ ಚಿಂತೆ ಇಲ್ಲದ ಗಂಡಸರ ಡಿಸೈನುಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುವುದು.

ಜಪಾನಿನ ಒಸಾಕಾದಲ್ಲಿ ತಡಾವೊ ಆಂಡೊ 1976ರಲ್ಲಿ ಸಾಲುಮನೆಗಳ ನಡುವೆ ಕಟ್ಟಿದ ಮನೆಯ ಸೈಟು ಸುಮಾರು 57 ಚದರ ಮೀಟರ್. ಅಡಿ ಲೆಕ್ಕದಲ್ಲಿ 600ಕ್ಕಿಂತ ತುಸು ಹೆಚ್ಚು, ಹೆಚ್ಚುಕಮ್ಮಿ ನಮ್ಮದೇ ಸೈಟು. ಆತ ಅದನ್ನು ಮೂರು ಪಾಲು ಮಾಡಿ ನಡುವಿನ ಒಂದು ಪಾಲನ್ನು ಆಕಾಶಕ್ಕೆ ಬಿಟ್ಟ. ಮಳೆ ಬಂದರೆ ಹಾಲಿನಿಂದ ಅಡುಗೆಮನೆಗೆ ಕೊಡೆ ಹಿಡಿದುಕೊಂಡು ಹೋಗಬೇಕು. ಅಮ್ಮನಿಗೆ ತೋರಿಸಿದೆ. ‘ಇದು ತೊಟ್ಟಿಮನೆ ಅಲ್ಲವೇನೇ? ಆದರೆ ಸುತ್ತ ಪಡಸಾಲೆ ಬಿಡೋದು ಮರೆತವ್ನೆ’ ಅಂದರು. ನಾವು ಮೂರರಲ್ಲೊಂದು ಪಾಲು ಬಿಡಲಿಲ್ಲ. ಮನೆಯ ಮಧ್ಯೆ 3x4 ಅಡಿ ತೆರೆದು ಮೇಲೆ ಸರಳು, ಗಾಜು ಹಾಕಿದೆವು. ಗಾಜನ್ನು ತಾರಸಿಯಿಂದ ಒಂದಡಿ ಎತ್ತರಿಸಿದ್ದರಿಂದ ಬಿಸಿಗಾಳಿ ಪಕ್ಕದಿಂದ ಆಚೆ ಹೋಗುತ್ತದೆ. ಹಗಲು ಲೈಟು ಹಾಕುವ ಪ್ರಮೇಯ ಬಂದಿಲ್ಲ.

ಚಿಲಿ ದೇಶದ ಇಕೀಕೆಯಲ್ಲಿ 2004ರಲ್ಲಿ ಅಲೆಹಾಂದ್ರೊ ಅರವೇನಾ ತಂಡ ಸುಮಾರು ನೂರು ಬಡ ಕುಟುಂಬಗಳಿಗೆ ಅರ್ಧ ಮನೆ ಕಟ್ಟಿಕೊಟ್ಟಿತು. ಇದ್ದ ದುಡ್ಡಿನಲ್ಲಿ ಅಡುಗೆಮನೆ, ಬಚ್ಚಲು, ಮೆಟ್ಟಿಲು. ಪಕ್ಕದ ಖಾಲಿ ಜಾಗ ಕೈಗೆ ಕಾಸು ಬಂದಾಗ ಅವರವರೇ ತುಂಬಿಕೊಳ್ಳಲು. ನಮ್ಮಲ್ಲಿ ಮೋಲ್ಡ್ ಮೇಲೆ ಕಂಬಿ ಬಿಟ್ಟು ‘ಮುಂದೆ ನೋಡೋಣ’ ಅನ್ನುತ್ತೇವಲ್ಲ, ಅದರ ಅಣ್ಣ ಇದು. ಮೊದಲೇ ಕಟ್ಟಬೇಕಾದದ್ದು ಆಮೇಲೆ ಮಾಡಲು ಕಷ್ಟವಾದ್ದನ್ನು, ನೀರು ಹರಿಯುವ ಜಾಗ ಮತ್ತು ಮೆಟ್ಟಿಲನ್ನು. ಅಲಂಕಾರ ಕಾಯುತ್ತದೆ.

ನಾಲ್ಕನೆಯದು, ಗೋಡೆಯ ಲೆಕ್ಕ

ಇದು ಬೇಗ ಮುಗಿಯುತ್ತದೆ. ಸೈಟು ಪೂರ್ತಿ ಹಿಡಿದೇ ಲೆಕ್ಕ ಹಾಕಿ (ಸುತ್ತ ಬಿಡಬೇಕಾದ್ದನ್ನು ಬಿಟ್ಟರೆ ಇನ್ನೂ ಕಡಿಮೆ). ಹೊರಗೋಡೆ 9 ಇಂಚಾದರೆ ಒಳಗೆ ಉಳಿಯುವುದು 527 ಚದರ ಅಡಿ. 6 ಇಂಚಿನ ಬ್ಲಾಕ್ ಆದರೆ 551. ವ್ಯತ್ಯಾಸ ಒಂದು 6x4 ಬಚ್ಚಲು! ಪಿಲ್ಲರ್ ಹಾಕುವ ಮನೆಯಲ್ಲಿ ಎಂಜಿನಿಯರು ಒಪ್ಪಿದರೆ ಮಾತ್ರ ಇದನ್ನು ಮಾಡಿ. ನಾವು ಪಡುವಣದ ಗೋಡೆಯನ್ನು ಮಾತ್ರ 9 ಇಂಚೇ ಇಟ್ಟೆವು, ಬಿಸಿಲಿಗೆ ತಡೆಯೂ ಆಯಿತು, ಗೂಡು ತೆಗೆಯಲು ದಪ್ಪವೂ ಸಿಕ್ಕಿತು. ವಾಸ್ತುವಿನ ಆಯ ಕೂಡಿಸಲು ಮೂರು ಇಂಚು ಹೋದದ್ದು ಬೇರೆ ಲೆಕ್ಕ.

ಐದನೆಯದು, ನೆಲದ ಮೇಲೆ ಬರೆಯಿರಿ

ಪಾಯ ತೆಗೆಯುವ ಮೊದಲು ಸುಣ್ಣದ ಪುಡಿಯಲ್ಲಿ ಪೂರ್ತಿ ಮನೆಯನ್ನು ನಿಜವಾದ ಅಳತೆಯಲ್ಲಿ ಸೈಟಿನ ಮೇಲೆ ಬರೆಯಿಸಿ. ಗೋಡೆ, ಬಾಗಿಲು, ಬಾಗಿಲು ತೆರೆಯುವ ದಿಕ್ಕು, ಮಂಚ, ಒಲೆ. ನಾವು ಒಂದು ಸಂಜೆ ಪೂರ್ತಿ ಆ ಗೆರೆಗಳ ಮಧ್ಯೆ ಓಡಾಡಿದೆವು. ಅಮ್ಮ ಅಡುಗೆಮನೆಯ ಚೌಕದಲ್ಲಿ ಕೂತರು, ನಾನು ದಾಟಲು ಹೋಗಿ ಅವರ ಕಾಲು ತುಳಿದೆ. ಅಡುಗೆಮನೆ ಒಂದಡಿ ಅಗಲವಾಯಿತು, ಹಾಲ್ ಒಂದಡಿ ಕುಗ್ಗಿತು. ಕಾಗದದ ಮೇಲೆ ಇದು ಯಾರಿಗೂ ಕಂಡಿರಲಿಲ್ಲ.

ಮೆಟ್ಟಿಲನ್ನು ಮಾತ್ರ ಬರೆಯಲಿಲ್ಲ. ಅದೊಂದು ನೇರವಾಗಿ ಮೊಬೈಲಿನಿಂದ ಬಂದದ್ದು, ಸುರುಳಿ ಸುತ್ತಿದ ಕಬ್ಬಿಣದ್ದು, ನೋಡಲು ಚೆಂದ, ತಿನ್ನುವ ಜಾಗ ನಾಲ್ಕೂವರೆ ಅಡಿ ಅಷ್ಟೇ. ಮೇಸ್ತ್ರಿ ಹೇಳಿದ್ದರು: ‘ಅಕ್ಕಾ, ಇದ್ರಲ್ಲಿ ನೀವು ಹತ್ತಬಹುದು, ನಿಮ್ಮ ಬೀರು ಹತ್ತಲ್ಲ.’ ಕೇಳಲಿಲ್ಲ. ಗೃಹಪ್ರವೇಶದ ಹಿಂದಿನ ದಿನ ಬೀರುವಿಗೆ ಹಗ್ಗ ಕಟ್ಟಿ ನಾಲ್ಕು ಜನ ತಾರಸಿಯಿಂದ ಎಳೆದರು, ಬೀದಿಯವರೆಲ್ಲ ನಿಂತು ನೋಡಿದರು. ಮಂಡಿನೋವಿನ ಅಮ್ಮ ಇವತ್ತಿಗೂ ಮೇಲೆ ಹತ್ತಿಲ್ಲ. ಮಾಮೂಲಿ ಮೆಟ್ಟಿಲಿಗೆ ಏರು 7 ಇಂಚು, ಹಾಸು 10 ಇಂಚು ಹಿಡಿಯಿರಿ. ಹತ್ತಡಿ ಎತ್ತರಕ್ಕೆ ಹದಿನೇಳು ಏರು, ಎಲ್ಲ ಸೇರಿ ಹದಿಮೂರಡಿ ಚಿಲ್ಲರೆ ಉದ್ದ. ನಡುವೆ ಮುರಿದು ತಿರುಗಿಸಿದರೆ ಅರ್ಧ. ಅದರ ಕೆಳಗೆ ರಾಗಿ ಡ್ರಮ್ಮು, ಸಿಲಿಂಡರು, ಚಪ್ಪಲಿ ಎಲ್ಲ ಹಿಡಿಯುತ್ತಿತ್ತು.

ಅಡುಗೆಮನೆಯಲ್ಲಿ ಒಂದು ಶೆಲ್ಫಿದೆ. ನೆಲದಿಂದ ಸೂರಿನವರೆಗೆ ಎರಡಡಿ ಅಗಲ, ಹಲಗೆ ಹಲಗೆಯ ನಡುವೆ ಒಂದು ಗೇಣು, ಪೂರ್ತಿ ಬಿಚ್ಚಬಹುದು. ಬಡಗಿ ಅದನ್ನು ಪ್ಯಾಂಟ್ರಿ ಅಂದ. ಅಮ್ಮ ಅದಕ್ಕೆ ಹುಳದ ಸ್ಟ್ಯಾಂಡು ಅಂತಲೇ ಅನ್ನುವುದು, ಇರುವೆ ಬಂದ ದಿನ ಕಾಲಿಗೆ ನೀರಿನ ಬಟ್ಟಲು ಇಟ್ಟದ್ದೂ ಅವರೇ.