ಬೇರೆಯಾದ ಫೀಡರ್ ಅನ್ನು ಮತ್ತೆ ಗ್ರಿಡ್‌ಗೆ ಜೋಡಿಸುವುದು ಹೇಗೆ?

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ಕಡೆ ಬಿರುಗಾಳಿ ಬೀಸುವುದು, ಎಲ್ಲೋ ಒಂದು ಕಂಬ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಮೊದಲಾದರೆ ಫೀಡರ್, ಅಂದರೆ ಸ್ಟೇಷನ್‌ನಿಂದ ಊರಿಗೆ ಬರುವ ಲೈನ್, ಸರಿ ಮಾಡಿ ಸ್ಟೇಷನ್‌ನಲ್ಲಿ ಬ್ರೇಕರ್ ಹಾಕಿದರೆ ಮುಗೀತಿತ್ತು, ಏಕೆಂದರೆ ಕರೆಂಟ್ ಬರುತ್ತಿದ್ದುದು ಒಂದೇ ಕಡೆಯಿಂದ. ಈಗ ಹಾಗಿಲ್ಲ. ಮನೆ ಮಾಳಿಗೆ ಮೇಲೆ, ದಾಲ್ ಮಿಲ್ ಶೆಡ್ ಮೇಲೆ, ಆಸ್ಪತ್ರೆ ಮೇಲೆ ಸೋಲಾರ್ ಇದೆ. ಬೀದರ್ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಟರ್ಬೈನ್ ತಿರುಗಿಸುತ್ತವೆ. ಗ್ರಿಡ್‌ನಿಂದ ಕಡಿದುಹೋದ ಲೈನಿನ ತುಂಡು ತನ್ನದೇ ಕರೆಂಟಿನಿಂದ ಜೀವಂತ ಇರಬಹುದು. ಇದಕ್ಕೇ ಐಲ್ಯಾಂಡ್ ಅನ್ನುತ್ತಾರೆ. ಬೇರೆಯಾಗುವುದು ಕ್ಷಣದ ಮಾತು. ಎಚ್ಚರ ಬೇಕಿರುವುದು ಮತ್ತೆ ಸೇರಿಸುವಾಗ.

ಮೊದಲು, ನಿಮ್ಮಲ್ಲಿರುವುದು ಯಾವ ತರಹದ್ದು ನೋಡಿಕೊಳ್ಳಿ. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್ ಇನ್ವರ್ಟರ್ ಗ್ರಿಡ್ ನೋಡಿಕೊಂಡೇ ಓಡುತ್ತದೆ. ಐಲ್ಯಾಂಡ್ ಆದ 2 ಸೆಕೆಂಡಿನೊಳಗೆ ಅದು ಲೈನಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸಲೇಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ. ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ, ಅಲ್ವಾ? ಬ್ಯಾಟರಿ, ಜನರೇಟರ್ ಅಥವಾ ಟರ್ಬೈನ್ ಇದ್ದು, ಗ್ರಿಡ್ ಇಲ್ಲದೆಯೂ ನಿಮ್ಮ ಕಾರ್ಖಾನೆಯೋ ಆಸ್ಪತ್ರೆಯೋ ನಡೆಯುತ್ತಿದ್ದರೆ ಕಥೆ ಬೇರೆ. ಮುಂದಿನ ಮಾತು ಮುಖ್ಯವಾಗಿ ಅಂಥವರಿಗೆ.

ರಿಪೇರಿ ಮುಗಿದ ಮೇಲೆ ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಟ್ಟ ಪರವಾನಗಿ) ವಾಪಸ್ ಬಂತಾ, ಲೈನನ್ನು ನೆಲಕ್ಕೆ ಜೋಡಿಸಿದ್ದ ಅರ್ಥಿಂಗ್ ಸರಪಳಿ ಬಿಚ್ಚಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಫೇಸ್ ಸೀಕ್ವೆನ್ಸ್, ಅಂದರೆ ಆರ್, ವೈ, ಬಿ ಎಂಬ ಮೂರು ಫೇಸ್‌ಗಳ ಸರದಿ. ಬಿದ್ದ ಕಂಬ ನಿಲ್ಲಿಸಿ ಜಂಪರ್ (ಜೋಡಣೆ ತಂತಿ) ಕಟ್ಟುವಾಗ ಆರ್, ವೈ, ಬಿ ಅದಲುಬದಲು ಆಗಿದ್ದರೆ ಮೋಟರ್ ಹಿಂದಕ್ಕೆ ತಿರುಗುತ್ತದೆ, ಓಡುತ್ತಿರುವ ಐಲ್ಯಾಂಡ್ ಅನ್ನು ಅಂಥ ಲೈನಿಗೆ ಸೇರಿಸಿದರೆ ಶಾರ್ಟ್ ಸರ್ಕ್ಯೂಟ್ ಆದಂತೆಯೇ. ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದು ನೋಡಲು ಒಂದು ನಿಮಿಷ ಸಾಕು.

ಈಗ ಸಿಂಕ್ರೊನೈಸ್ ಮಾಡುವುದು, ಅಂದರೆ ಐಲ್ಯಾಂಡಿನ ಕರೆಂಟನ್ನು ಗ್ರಿಡ್‌ನ ತಾಳಕ್ಕೆ ಹೊಂದಿಸುವುದು. ಬ್ರೇಕರಿನ ಎರಡೂ ಕಡೆ ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಕೋನ ಮೂರೂ ಹೊಂದಬೇಕು. 1500 ಕೆವಿಎಗಿಂತ ದೊಡ್ಡ ಘಟಕಕ್ಕೆ ಎಂಜಿನಿಯರುಗಳ ಸಂಸ್ಥೆ ಐಇಇಇಯ 1547 ಮಾನದಂಡ ಬಿಡುವ ವ್ಯತ್ಯಾಸ ಇಷ್ಟೇ: ವೋಲ್ಟೇಜ್ ಶೇ 3, ಫ್ರೀಕ್ವೆನ್ಸಿ 0.1 ಹರ್ಟ್ಜ್, ಕೋನ 10 ಡಿಗ್ರಿ. ಪ್ಯಾನಲ್ ಮೇಲಿನ ಸಿಂಕ್ರೊಸ್ಕೋಪ್ (ಎರಡೂ ಕಡೆಯ ಕೋನದ ವ್ಯತ್ಯಾಸ ತೋರಿಸುವ ಮುಳ್ಳಿನ ಮೀಟರ್) ನೋಡಿ. ನಿಮ್ಮ ಕಡೆ 50.1 ಹರ್ಟ್ಜ್, ಗ್ರಿಡ್ 50 ಇದ್ದರೆ ಮುಳ್ಳು 10 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಅದು ನಿಧಾನವಾಗಿ ಬಲಕ್ಕೆ ತಿರುಗುತ್ತಿರಬೇಕು. 12 ಗಂಟೆಯ ಜಾಗಕ್ಕೆ ಇನ್ನೇನು ಬರಬೇಕು ಅನ್ನುವಾಗ ಬ್ರೇಕರ್ ಹಾಕಿ, ಏಕೆಂದರೆ ಬ್ರೇಕರ್ ಕೂಡಿಕೊಳ್ಳುವುದಕ್ಕೂ ಒಂದಿಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ. 6 ಗಂಟೆಯ ಜಾಗದಲ್ಲಿ ಹಾಕಿದರೆ ಬ್ರೇಕರ್ ಮೇಲೆ ಎರಡರಷ್ಟು ವೋಲ್ಟೇಜ್ ಬೀಳುತ್ತದೆ, ಟರ್ಬೈನಿನ ಶಾಫ್ಟೇ ತಿರುಚಿಕೊಳ್ಳಬಹುದು. ಆದ್ದರಿಂದ ಎರಡೂ ಕಡೆ ಹೊಂದದಿದ್ದರೆ ಬ್ರೇಕರ್ ಹಾಕಲು ಬಿಡದ ಸಿಂಕ್ ಚೆಕ್ ರಿಲೇಯನ್ನು ಎಂದೂ ಬೈಪಾಸ್ ಮಾಡಬೇಡಿ, ಎಷ್ಟೇ ಅವಸರ ಇರಲಿ.

ಈ ಸೌಕರ್ಯ ಇಲ್ಲವಾ? ಹಾಗಾದರೆ ಐಲ್ಯಾಂಡ್ ಅನ್ನು ಪೂರ್ತಿ ಆರಿಸಿ, ಚೇಂಜ್ ಓವರ್ ಸ್ವಿಚ್ ಗ್ರಿಡ್ ಕಡೆ ಹಾಕಿ, ಆಮೇಲೆ ಸೋಲಾರ್ ಬರಲಿ. ಸಣ್ಣ ಮಿಲ್‌ಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎರಡು ನಿಮಿಷ ಕತ್ತಲಾದರೆ ಏನೂ ನಷ್ಟವಿಲ್ಲ.

ಇನ್ನು ಸ್ಟೇಷನ್ ಕಡೆಯ ಲೆಕ್ಕ, ಇದು ಜಾಸ್ತಿ ಜನಕ್ಕೆ ಹೊಳೆಯುವುದೇ ಇಲ್ಲ. ಮಧ್ಯಾಹ್ನ ಫೀಡರ್ ಮೀಟರ್ 60 ಆಂಪಿಯರ್ ತೋರಿಸುತ್ತಿತ್ತು ಅಂದುಕೊಳ್ಳಿ. ಊರೊಳಗಿನ ಸೋಲಾರ್ ಇನ್ನೂ 50 ಕೊಡುತ್ತಿತ್ತು. ಕರೆಂಟ್ ವಾಪಸ್ ಕೊಟ್ಟ ಗಳಿಗೆಯಲ್ಲಿ ಸ್ಟೇಷನ್ 110 ಹೊರಬೇಕು, ಏಕೆಂದರೆ ನಿಯಮದ ಪ್ರಕಾರ ವೋಲ್ಟೇಜ್, ಫ್ರೀಕ್ವೆನ್ಸಿ ಕನಿಷ್ಠ 60 ಸೆಕೆಂಡ್ ಸ್ಥಿರವಾಗಿ ನಿಂತ ಮೇಲೆಯೇ ಸೋಲಾರ್ ಮತ್ತೆ ಸೇರುವುದು. ಅದರ ಮೇಲೆ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದರೆ ಒಂದೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಫೀಡರ್ ಮತ್ತೆ ಟ್ರಿಪ್! ಅದಕ್ಕೇ ಜಿಓಎಸ್ (ಲೈನನ್ನು ಭಾಗ ಮಾಡುವ, ಕಂಬದ ಮೇಲಿನ ಸ್ವಿಚ್) ತೆರೆದಿಟ್ಟು, ಒಂದು ಭಾಗ ಹಾಕಿ, ಅಲ್ಲಿ ಸೋಲಾರ್ ಬಂದು ಲೋಡ್ ಇಳಿದ ಮೇಲೆ ಮುಂದಿನ ಭಾಗ ಹಾಕಬೇಕು. ರೈತರು ಆಟೋ ಸ್ಟಾರ್ಟರಿಗೆ ಟೈಮರ್ ಹಾಕಿಸಿ, ಅಕ್ಕಪಕ್ಕದ ಹೊಲದವರು ಬೇರೆ ಬೇರೆ ಸಮಯ ಇಟ್ಟುಕೊಂಡರೆ ಟಿಸಿ (ಟ್ರಾನ್ಸ್‌ಫಾರ್ಮರ್) ಉಳಿಯುತ್ತದೆ.

ಮನೆಯವರೂ ಒಂದು ಗಮನಿಸಿ. ಕರೆಂಟ್ ಬಂದು ಹತ್ತು ನಿಮಿಷವಾದರೂ ಇನ್ವರ್ಟರ್ ಸುಮ್ನೆ ಕೂತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಡಿಸ್‌ಪ್ಲೇಯಲ್ಲಿ ವೋಲ್ಟೇಜ್ ನೋಡಿ. ಮಿತಿ 230ರ ಶೇ 110, ಅಂದರೆ 253 ವೋಲ್ಟ್. ಅದಕ್ಕಿಂತ ಮೇಲಿದ್ದರೆ ಅದು ಸೇರುವುದಿಲ್ಲ. ಟಿಸಿ ಹತ್ತಿರದ ಮನೆಗಳಲ್ಲಿ, ಒಂದೇ ಬೀದಿಯಲ್ಲಿ ತುಂಬ ಸೋಲಾರ್ ಇರುವ ಕಡೆ ಮಧ್ಯಾಹ್ನ ಹೀಗಾಗುತ್ತದೆ. ಇನ್ವರ್ಟರ್ ಸೆಟ್ಟಿಂಗ್ ಏರಿಸಿಕೊಡಿ ಅಂತ ಕೇಳಬೇಡಿ. ವೋಲ್ಟೇಜ್ ಫೋಟೊ ತೆಗೆದು, ಸಮಯ ಬರೆದು ವಿದ್ಯುತ್ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿಗೆ ಕೊಡಿ, ವೋಲ್ಟೇಜ್ ಇಳಿಯುವಂತೆ ಟಿಸಿ ಟ್ಯಾಪ್ ಬದಲಿಸಲು ಹೇಳಿ.