ಥರ್ಮಾಕೋಲ್ ಗ್ಲೈಡರ್: ಮೊದಲು ಮೂತಿಗೆ ಭಾರ ಹಾಕಿ

ಕಾರವಾರದ ಟ್ಯಾಗೋರ್ ಬೀಚಲ್ಲಿ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಿ ಬಂದಾಗಿನಿಂದ ಅಕ್ಕನ ಮಗನದ್ದು ಒಂದೇ ಹಠ, ನಾವೂ ಒಂದು ಮಾಡೋಣ ಅಂತ. ಎಂಜಿನ್ ಇಲ್ಲದ ಗ್ಲೈಡರ್ ಆದರೆ ಮನೆಯಲ್ಲೇ ಆಗುತ್ತದೆ.

5 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ತನ್ನಿ. ರೆಕ್ಕೆ 60 ಸೆಂಟಿಮೀಟರ್ ಉದ್ದ, 10 ಅಗಲ. ಬಾಲ 20ಕ್ಕೆ 6, ಅದರ ಮೇಲೆ ನೆಟ್ಟಗೆ ನಿಲ್ಲಲು ಅಂಗೈಯಷ್ಟು ಇನ್ನೊಂದು ತುಂಡು. ಹೊಸ ಬ್ಲೇಡಲ್ಲೇ ಕತ್ತರಿಸಿ, ಹಳೇದಾದರೆ ಕಾಳು ಕಾಳಾಗಿ ಉದುರುತ್ತದೆ. ಮೈಗೆ 50 ಸೆಂಟಿಮೀಟರಿನ ಬಿದಿರು ಕಡ್ಡಿ ಸಾಕು. ಅಂಟಿಗೆ ಫೆವಿಕಾಲ್, ರಾತ್ರಿಯಿಡೀ ಒಣಗಲಿ. ಅವಸರಕ್ಕೆ ಫೆವಿಕ್ವಿಕ್ ಹಾಕಿದಿರೋ, ಥರ್ಮಾಕೋಲ್ ಕರಗಿ ತೂತು ಬೀಳುತ್ತದೆ. ನನ್ನದೊಂದು ರೆಕ್ಕೆ ಹೋಗಿದ್ದೇ ಹಾಗೆ.

ರೆಕ್ಕೆಯನ್ನು ನಡುವೆ ಕತ್ತರಿಸಿ, ಎರಡೂ ತುದಿಯ ಅಡಿಗೆ ಬೆಂಕಿಪೊಟ್ಟಣ ನಿಲ್ಲಿಸಿಕೊಂಡು ನಡುವಿನ ಸಂದನ್ನು ಮತ್ತೆ ಅಂಟಿಸಿ, ಒಣಗಿದ ಮೇಲೆ ಪೊಟ್ಟಣ ತೆಗೆಯಿರಿ. ತುದಿ ಮೇಲೆದ್ದಿದ್ದರೆ ಹಾರುವಾಗ ಒಂದು ಕಡೆ ವಾಲಿದರೂ ತಾನೇ ಸರಿಯಾಗುತ್ತದೆ. ಮೂತಿಯಿಂದ 12 ಸೆಂಟಿಮೀಟರ್ ಹಿಂದೆ ಕಡ್ಡಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ನಡುವೆ ರಟ್ಟಿನ ತುಂಡು ಕೊಟ್ಟು. ಎಲ್ಲಾದರೂ ಬಡಿದರೆ ಕಳಚಿಕೊಳ್ಳುತ್ತದೆ, ಮುರಿಯೋದಿಲ್ಲ.

ಈಗ ಅಸಲಿ ಕೆಲಸ. ರೆಕ್ಕೆಯ ಮುಂದಿನ ಅಂಚಿನಿಂದ 3 ಸೆಂಟಿಮೀಟರ್ ಹಿಂದೆ, ಎರಡೂ ಬದಿಗೆ ಅಡಿಯಿಂದ ಬೆರಳು ಕೊಟ್ಟು ಎತ್ತಿ. ಬಾಲ ಕೆಳಗೆ ಜಗ್ಗುತ್ತದೆ ಅಲ್ವಾ? ಮಟ್ಟವಾಗಿ ನಿಲ್ಲುವ ತನಕ ಮೂತಿಗೆ ಭಾರ ಸೇರಿಸುತ್ತಾ ಹೋಗಿ. ನಾಣ್ಯ, ಎಂ-ಸೀಲ್, ಬಲೆಗೆ ಕಟ್ಟುವ ಸೀಸದ ಗುಂಡು, ಯಾವುದಾದರೂ ಸರಿ (ಸೀಸ ಮುಟ್ಟಿದ ಮಕ್ಕಳ ಕೈ ತೊಳೆಸಿ). ಮನುಷ್ಯರು ಹಾರುವ ಗ್ಲೈಡರಿನಲ್ಲೂ ಪೈಲಟ್ ತೀರಾ ಹಗುರ ಇದ್ದರೆ ಮುಂದೆ ತೂಕ ಇಟ್ಟೇ ಹಾರಿಸುತ್ತಾರೆ. ನಾನು ಮೊದಲ ಸಲ ಇದನ್ನು ಬಿಟ್ಟುಬಿಟ್ಟಿದ್ದೆ. ಏರಿತು, ನಿಂತಿತು, ಮುಗ್ಗರಿಸಿತು, ಮತ್ತೆ ಏರಿತು. "ಮಾಮಾ, ಇದು ಬಂಗಡೆ ಜಿಗಿದಂಗೆ ಜಿಗೀತದೆ" ಅಂದ ಹುಡುಗ. ನಿಮ್ಮದೂ ಹಾಗೇ ಜಿಗಿದರೆ ಮೂತಿಗೆ ಇನ್ನಷ್ಟು ಭಾರ ಬೇಕು ಅಂತ ಅರ್ಥ. ನೇರ ನೆಲಕ್ಕೆ ಕುಟ್ಟಿದರೆ ಸ್ವಲ್ಪ ತೆಗೆಯಿರಿ, ಇಲ್ಲವೇ ಬಾಲದ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ. ಎಡಕ್ಕೇ ತಿರುಗುತ್ತಿದ್ದರೆ ನೆಟ್ಟಗಿನ ತುಂಡಿನ ಹಿಂದಿನ ಅಂಚು ಬಲಕ್ಕೆ.

ಮೊದಲ ಎಸೆತಗಳು ಗಾಳಿ ಇಲ್ಲದ ಬೆಳಿಗ್ಗೆ, ಮಾಲಾದೇವಿ ಮೈದಾನದಂಥ ಬಯಲಲ್ಲಿ. ಮೇಲಕ್ಕೆ ಎಸೆಯಬೇಡಿ, ಎದೆಮಟ್ಟದಿಂದ ಮೂತಿ ಸ್ವಲ್ಪ ತಗ್ಗಿಸಿ ಮೆಲ್ಲಗೆ ದೂಡಿ. ಬೀಚಿಗೆ ಮಧ್ಯಾಹ್ನದ ಮೇಲೆ ಹೋಗಿ, ಆಗ ಗಾಳಿ ಕಡಲಿಂದ ಬೀಸುತ್ತಿರುತ್ತದೆ. ಗಾಳಿಗೆ ಎದುರಾಗಿಯೇ ಬಿಡಿ. ಬೆಳಿಗ್ಗೆ ಬೇಗ ಅಲ್ಲಿಗೆ ಹೋದರೆ ಗಾಳಿ ನೆಲದ ಕಡೆಯಿಂದ, ಗ್ಲೈಡರ್ ನೀರಿಗೆ. ಇನ್ನು ಮೋಟಾರು, ಕ್ಯಾಮೆರಾ ಸೇರಿಸುವ ಆಸೆ ಸದ್ಯಕ್ಕೆ ಬೇಡ, ಪಕ್ಕದಲ್ಲೇ ನೌಕಾನೆಲೆ ಇದೆ.