ಮೊದಲು ಅಳತೆ, ಆಮೇಲೆ ತೂತು: ಟೆಲಿಸ್ಕೋಪಿಗೆ ಕನ್ನಡಿ ಕೂರಿಸುವುದು ಹೇಗೆ?

1668ರಲ್ಲಿ ನ್ಯೂಟನ್ ಕಟ್ಟಿದ ಟೆಲಿಸ್ಕೋಪಿನಲ್ಲಿ ಇದ್ದದ್ದು ಎರಡೇ ಕನ್ನಡಿ. ಮನೆಯಲ್ಲಿ ನಾವು ಕಟ್ಟುವುದೂ ಅದನ್ನೇ. ಕೊಳವೆಯ ತಳದಲ್ಲಿ ಒಳತಗ್ಗಿನ ದೊಡ್ಡ ಕನ್ನಡಿ, ಬಾಯಿಯ ಹತ್ತಿರ 45 ಡಿಗ್ರಿ ಓರೆಯಾಗಿ ಒಂದು ಚಪ್ಪಟೆ ಕಿರುಗನ್ನಡಿ. ದೊಡ್ಡದು ಕೂಡಿಸಿದ ಬೆಳಕನ್ನು ಕಿರುಗನ್ನಡಿ ಪಕ್ಕಕ್ಕೆ, ಫೋಕಸರಿನ ಕಡೆ ತಿರುಗಿಸುತ್ತದೆ. ಫೋಕಸರ್ ಅಂದರೆ ನಾವು ಕಣ್ಣಿಡುವ ಮಸೂರವನ್ನು (ಐಪೀಸ್) ಹಿಡಿದು ಒಳಗೆ ಹೊರಗೆ ಸರಿಸುವ ಚಿಕ್ಕ ಕೊಳವೆ.

ನನ್ನ ಮೊದಲ ಟೆಲಿಸ್ಕೋಪಿಗೆ 150 ಮಿ.ಮೀ. ಕನ್ನಡಿ ತಂದಿದ್ದೆ. ಸಂಗಮ ದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ, 1200 ಮಿ.ಮೀ. ಅಂತ ಚೀಟಿಯಲ್ಲಿತ್ತು. ಅದನ್ನೇ ನಂಬಿ ಫೋಕಸರಿಗೆ ತೂತು ಕೊರೆದೆ. ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಚಂದ್ರ ಮಸುಕು. ಆಮೇಲೆ ಅಳೆದು ನೋಡಿದರೆ 1175!

ಅಳೆಯುವುದು ಸುಲಭ. ಚಂದ್ರ ಚೆನ್ನಾಗಿ ಕಾಣುವ ರಾತ್ರಿ ಕನ್ನಡಿಯನ್ನು ಅವನ ಕಡೆ ಮುಖ ಮಾಡಿ ಒರಗಿಸಿಡಿ. ಮುಂದೆ ಒಂದು ಬಿಳಿ ಕಾಗದದ ಪಟ್ಟಿ ಹಿಡಿದು ಹಿಂದೆಮುಂದೆ ಸರಿಸಿ. ಒಂದು ಕಡೆ ಸುಮಾರು 11 ಮಿ.ಮೀ. ಅಗಲದ ಪುಟಾಣಿ ಚಂದ್ರ ಕಾಗದದ ಮೇಲೆ ಮೂಡುತ್ತಾನೆ, ಕಲೆಗಳ ಸಮೇತ. ಅಲ್ಲಿಂದ ಕನ್ನಡಿಯ ಮೇಲ್ಮೈವರೆಗಿನ ದೂರವೇ ಸಂಗಮ ದೂರ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ. ಕಣ್ಣು ಹೋಗುತ್ತದೆ, ಬೆಂಕಿಯೂ ಹೊತ್ತಬಹುದು.

ಈಗ ಲೆಕ್ಕ. ನನ್ನ ಕೊಳವೆಯ ಒಳ ಅಗಲದಲ್ಲಿ ಅರ್ಧ 90, ಗೋಡೆ ದಪ್ಪ 5, ಒಳಗೆ ತಳ್ಳಿದಾಗ ಫೋಕಸರಿನ ಎತ್ತರ 50, ಆಚೀಚೆ ಸರಿಸಲು 15. ಒಟ್ಟು 160 ಮಿ.ಮೀ. 1175ರಲ್ಲಿ ಇದನ್ನು ಕಳೆದರೆ 1015. ದೊಡ್ಡ ಕನ್ನಡಿಯ ಮೇಲ್ಮೈಯಿಂದ ಕಿರುಗನ್ನಡಿಯ ನಡುವಿಗೆ ಇರಬೇಕಾದ ದೂರ ಇದು. ತೂತಿನ ನಡುವೂ ಅಲ್ಲೇ ಬರಬೇಕು. ನಾನು ಕೊರೆದದ್ದು 1040ರಲ್ಲಿ! ಹೊಸ ತೂತು ಕೊರೆಯಲಿಲ್ಲ, ದೊಡ್ಡ ಕನ್ನಡಿಯನ್ನೇ 25 ಮಿ.ಮೀ. ಮುಂದಕ್ಕೆ ತಂದೆ. ಅಷ್ಟಕ್ಕೇ ಚಂದ್ರನ ಕುಳಿಗಳು ಕಂಡವು.

ಕನ್ನಡಿಯನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ಬಿಗಿಯಬೇಡಿ. ನಡುವೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದಿ ಇರಲಿ. ಬಿಗಿದರೆ ಗಾಜು ಕೂದಲೆಳೆಯಷ್ಟಕ್ಕಿಂತ ಕಡಿಮೆ ಬಾಗಿದರೂ ಸಾಕು, ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ.

ಕೊನೆಗೆ ಎರಡೂ ಕನ್ನಡಿಗಳ ಸಾಲು ಸರಿಮಾಡುವುದು. ದೊಡ್ಡ ಕನ್ನಡಿಯ ಸರಿಯಾದ ನಡುವಿಗೆ ಒಂದು ಚಿಕ್ಕ ಕಾಗದದ ಚುಕ್ಕೆ ಅಂಟಿಸಿ. ಆ ಜಾಗ ಹೇಗೂ ಕಿರುಗನ್ನಡಿಯ ನೆರಳಲ್ಲಿರುತ್ತದೆ, ಹಾಗಾಗಿ ನಷ್ಟವಿಲ್ಲ. ಐಪೀಸ್ ತೆಗೆದು, ನಡುವೆ 2 ಮಿ.ಮೀ. ತೂತಿರುವ ಮುಚ್ಚಳವನ್ನು ಫೋಕಸರಿಗೆ ಹಾಕಿ ಹಗಲಲ್ಲೇ ನೋಡಿ. ಮೊಟ್ಟೆಯಾಕಾರದ ಕಿರುಗನ್ನಡಿ ಓರೆಯಾಗಿರುವುದರಿಂದ ದುಂಡಗೆ ಕಾಣಬೇಕು, ಫೋಕಸರಿನ ನಡುವೆಯೇ ಇರಬೇಕು. ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ ದೊಡ್ಡ ಕನ್ನಡಿಯ ಮೂರೂ ಕ್ಲಿಪ್ಪುಗಳು ಅದರೊಳಗೆ ಕಾಣುತ್ತವೆ. ಅಲ್ಲಿಗೆ ಅದನ್ನು ಬಿಟ್ಟುಬಿಡಿ. ಉಳಿದದ್ದು ತಳದ ಮೂರು ಸ್ಕ್ರೂಗಳ ಕೆಲಸ. ಚುಕ್ಕೆ ಬಂದು ನಿಮ್ಮ ಮುಚ್ಚಳದ ತೂತಿನ ಪ್ರತಿಬಿಂಬದ ಮೇಲೆ ಕೂರುವವರೆಗೆ ತಿರುಗಿಸಿ. ಒಬ್ಬರು ನೋಡಿ ಹೇಳುತ್ತಾ, ಇನ್ನೊಬ್ಬರು ಸ್ಕ್ರೂ ತಿರುಗಿಸಿದರೆ ಬೇಗ ಆಗುತ್ತದೆ. ನಮ್ಮ ಮನೆಯಲ್ಲಿ ಅದು ಮಗಳ ಕೆಲಸ.

ರಾತ್ರಿ ಒಂದು ಹೊಳೆಯುವ ನಕ್ಷತ್ರವನ್ನು ನೋಟದ ನಡುವೆ ತಂದು, ಫೋಕಸ್ ಸ್ವಲ್ಪ ತಪ್ಪಿಸಿ. ನೀರಿಗೆ ಕಲ್ಲು ಬಿದ್ದಾಗಿನ ಹಾಗೆ ಉಂಗುರಗಳು ಏಳುತ್ತವೆ. ಎಲ್ಲಕ್ಕೂ ನಡು ಒಂದೇ ಆಗಿದ್ದರೆ ಸ್ಕ್ರೂಗಳನ್ನು ಮತ್ತೆ ಮುಟ್ಟಬೇಡಿ.